ಟಾಯರ್ ಫ್ಯಾಕ್ಟರಿಯ ಮಹಾರಾಜ

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಮ್ಮ ಗಿರಣಿಗೆ ಬರುವವರೆಲ್ಲ ಮೂಗಿಗೆ ಸೆರಗೋ ಟವೆಲ್ಲೋ ಹಿಡಿದುಕೊಂಡೇ ಹೊಸ್ತಿಲು ದಾಟುತ್ತಾರೆ. ನನಗೆ ಆ ಘಾಟು ಹತ್ತುವುದಿಲ್ಲ. ಇಷ್ಟು ವರ್ಷ ಅದರೊಳಗೇ ಉಸಿರಾಡಿದ್ದೇನೆ. ಮೊನ್ನೆ ಈ ವರ್ಷದ ಹೊಸ ಖಾರ ಕುಟ್ಟಲು ಶುರು ಮಾಡಿದಾಗ, ಮಷಿನ್ನಿನಿಂದ ಬಿಸಿ ಖಾರದ ವಾಸನೆ ಎದ್ದದ್ದೇ ತಡ, ನನಗೆ ಕಾಫಿ ನೆನಪಾಯಿತು. ಖಾರದ ವಾಸನೆಗೆ ಕಾಫಿ ನೆನಪಾಗುವ ಮನುಷ್ಯ ಗುಡಗೇರಿಯಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳಬೇಕಾದರೆ ನೆರ್ಮಿನ್ ಎಂಬ ಹೆಣ್ಣುಮಗಳು ನಮ್ಮ ಮೇಲಿನ ಖೋಲಿಯಲ್ಲಿ ಕಳೆದ ಆ ಹಿಂಗಾರಿಯನ್ನು ಪೂರ್ತಿ ಹೇಳಬೇಕು.

ನಾನು ಫಕ್ಕೀರಪ್ಪ. ಸ್ಟೇಶನ್ ರಸ್ತೆಯ ಗಿರಣಿ ನನ್ನದು. ಆರನೇ ಇಯತ್ತೆಗೆ ಸಾಲಿ ಬಿಟ್ಟು, ಸ್ಟೇಶನ್ನಿನಲ್ಲಿ ಕಾಳಿನ ಚೀಲ ಹೊತ್ತು, ಮುಂದೆ ಮಂದಿಯ ಗಿರಣಿಯಲ್ಲಿ ದುಡಿದು, ಕಡೆಗೆ ಸ್ವಂತದ್ದು ಹಾಕಿಕೊಂಡವ. ಇದನ್ನು ಯಾರ ಮುಂದೆಯೂ ತಲೆ ತಗ್ಗಿಸಿ ಹೇಳಿಲ್ಲ. ಕುಬಿಹಾಳದಿಂದ ಕೂಡ ಜನ ನಡುವಿನ ಗಿರಣಿಗಳನ್ನು ದಾಟಿ ನನ್ನ ಹತ್ತಿರ ಜೋಳ ಬೀಸಿಸಿಕೊಂಡು ಹೋಗುತ್ತಾರೆ. ಹಿಟ್ಟು ಹಂಗಿರುತ್ತದೆ.

ಸರೋಜಾ ಅಕ್ಕೋರು ಅವಳನ್ನು ಕರೆದುಕೊಂಡು ಬಂದದ್ದು ದೀಪಾವಳಿ ಮುಗಿದ ಮೇಲೆ. ಅಕ್ಕೋರು ಧಾರವಾಡದಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದವರು. ರಿಟೈರ್ ಆಗಿ ನಮ್ಮೂರಿನ ತಮ್ಮನ ಮನೆಗೆ ಬಂದಿದ್ದರು. ಜರ್ಮನಿಯ ಒಬ್ಬ ಹೆಣ್ಣುಮಗಳು ಬರೆದ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಬರೆದಾಕೆಯೇ ಬಂದು ನಾಲ್ಕು ತಿಂಗಳು ಇಲ್ಲಿ ಇರುತ್ತಾಳೆ, ತಿಳಿಯದ್ದನ್ನು ಬಾಜುಕ್ಕೇ ಕೂಡ್ರಿಸಿಕೊಂಡು ಕೇಳಬಹುದು, ನಿನ್ನ ಖೋಲಿ ಕೊಡು ಅಂದಿದ್ದರು. ಕೊಟ್ಟಿದ್ದೆ.

ರೈಲು ಇಳಿದು ನಡೆದುಕೊಂಡೇ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಬೆನ್ನಿಗೆ ಚೀಲ. ನಾನು ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದು, ನಗುತ್ತ, "ಬರ್ರಿ ಬರ್ರಿ, ಯಾವ ಊರ್ರಿ?" ಅಂದೆ.

"ಜರ್ಮನಿ ಅಂತ ಹೇಳಿದ್ನೆಲ್ಲೋ" ಅಂದರು ಅಕ್ಕೋರು.

"ಅದು ಗೊತ್ತೈತ್ರಿ. ಮೂಲ ಊರು?"

"ಅಪ್ಪ ಅವ್ವ ತುರ್ಕಸ್ತಾನದವರು. ಇಕಿ ಹುಟ್ಟಿದ್ದು ಜರ್ಮನಿಯೊಳಗ."

ನಮ್ಮ ಗಿರಣಿಯ ಗೋಡೆಗೆ ಹತ್ತಿ ಇಮಾಮಸಾಬನ ಟೇಲರ್ ದುಕಾನ. ಅವನು ಕೊರಳಿಗೆ ಟೇಪು ಹಾಕಿಕೊಂಡೇ ಇಣುಕಿ, "ತುರ್ಕಸ್ತಾನದಾಗ ಯಾವ ಊರು?" ಎಂದ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಶಾಂತವ್ವ ನೀರಿನ ತಂಬಿಗೆ ತಂದು, "ಯಾವ ಊರಾಕಿ ಅಂತ್ರಿ?" ಎಂದು ಅಕ್ಕೋರನ್ನು ಕೇಳಿದಳು. ಕನ್ನಡ ಬಾರದಿದ್ದರೂ ನೆರ್ಮಿನ್‌ಗೆ ಆ ಪ್ರಶ್ನೆ ತಿಳಿಯಿತು. ಮುಖ ಗಂಟಾಯಿತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ದಿನ ಕೆಳಗೇ ಇಳಿಯಲಿಲ್ಲ. ಅಕ್ಕೋರು ಬಂದು ನನ್ನ ಮುಂದೆ ಸ್ಟೂಲ್ ಎಳೆದುಕೊಂಡು ಕುಳಿತರು.

"ಫಕ್ಕೀರಪ್ಪ, ಆಕಿ ವಾಪಸ್ ಹೋಗ್ತೇನಿ ಅನ್ನಾಕತ್ತಾಳ."

"ಯಾಕ್ರಿ? ಖೋಲಿ ಸರಿ ಇಲ್ಲೇನು?"

"ಖೋಲಿ ಚಲೋ ಐತಿ. ಆಕಿ ಹುಟ್ಟಿ ಬೆಳೆದ ಊರಾಗ, ಇಷ್ಟು ದೊಡ್ಡಾಕಿ ಆದ್ರೂ ಎಲ್ಲಾರೂ ಅದನ್ನ ಕೇಳ್ತಾರಂತ. ನಿಂದು ಮೂಲ ಯಾವ ಊರು ಅಂತ. ಆಕಿ ಪುಸ್ತಕ ಬರೆದಿದ್ದೂ ಅದರ ಮ್ಯಾಲೆ. ಇಲ್ಲಿ ಬಂದು ಇಳಿದ ಕೂಡ್ಲೇ ನೀವು ಮೂರು ಮಂದಿ ಅದನ್ನ ಕೇಳಿದ್ರಿ."

ನನಗೆ ಸಿಟ್ಟೂ ಬಂತು, ಬೇಜಾರೂ ಆಯಿತು. "ಅಕ್ಕೋರ, ಊರು ಕೇಳ್ಲಿಲ್ಲಂದ್ರ ಮನಷ್ಯಾನ್ನ ಮಾತಾಡಿಸಿದಂಗ ಹೆಂಗ ಆಕ್ಕೈತ್ರಿ? ನಾಯಿ ಬಂದ್ರ ಕೇಳಂಗಿಲ್ಲ ನಾವು. ಮನಷ್ಯಾರು ಬಂದ್ರ ಕೇಳ್ತೇವಿ" ಅಂದೆ. ಅಕ್ಕೋರು ನಕ್ಕು, "ನೀನ ಹೇಳು ಹೋಗು" ಅಂದರು. ಹೇಳಲು ನನಗೆಲ್ಲಿ ಭಾಷೆ ಇತ್ತು?

ಕೆಲಸ ಕೆಡದಂತೆ ಮಾಡಿದವಳು ಶಾಂತವ್ವ. ಒಂದು ತಾಟಿನಲ್ಲಿ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ ಹಾಕಿಕೊಂಡು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ನೆರ್ಮಿನ್ ಖಾಲಿ ತಾಟು ಹಿಡಿದು ಮೆಟ್ಟಿಲಿಳಿದು ಬಂದು ನೇರ ಅಡುಗೆಮನೆಗೇ ಹೋದಳು. ಅವರವ್ವನೂ ಬದನಿಕಾಯಿ ಹೊಟ್ಟೆ ಸೀಳಿ ಮಸಾಲಿ ತುಂಬುತ್ತಾಳಂತೆ. ಶೇಂಗಾ ಮಾತ್ರ ಹಾಕುವುದಿಲ್ಲವಂತೆ. ಇಬ್ಬರೂ ಕೈಸನ್ನೆಯಲ್ಲೇ ವಾದ ಮಾಡಿದರು. ಆ ದಿನದಿಂದ ಆಕೆಯ ಊಟ ನಮ್ಮ ಒಲೆಯ ಮುಂದೆಯೇ ಆಯಿತು. ಒಂದು ವಾರ ಕಳೆದ ಮೇಲೆ ಅಕ್ಕೋರ ಮುಂದೆ ಅವಳು ಒಂದು ಮಾತು ಅಂದಳಂತೆ: ಇಲ್ಲಿಯವರು ಊರು ಕೇಳಿದ ಮೇಲೆ ಊಟ ಆಯಿತೇ ಎಂದು ಕೇಳುತ್ತಾರೆ, ಅಲ್ಲಿಯವರು ಊರು ಕೇಳಿದ ಮೇಲೆ ವಾಪಸ್ ಯಾವಾಗ ಹೋಗುತ್ತೀಯೆಂದು ಕೇಳುತ್ತಾರೆ.

ಕಾಫಿಯ ಕಥೆ ಆಗಿನದೇ. ಅವಳು ಹುಬ್ಬಳ್ಳಿಯಿಂದ ಹುರಿದ ಕಾಫಿ ಬೀಜ ತಂದಿದ್ದಳು. ಮಿಕ್ಸರಿನಲ್ಲಿ ಅವಳಿಗೆ ಬೇಕಾದಷ್ಟು ನುಣ್ಣಗೆ ಆಗಲಿಲ್ಲ. ನಾನು, "ಕೊಡ್ರಿ ಇಲ್ಲೆ, ಗಿರಣಿ ಇಟಗೊಂಡು ಕಾಫಿ ಬೀಸಾಕ ಬರಂಗಿಲ್ಲಂದ್ರ ನಾ ಎದಕ್ಕ ಅದೇನಿ" ಎಂದು ಖಾರದ ಮಷಿನ್ನನ್ನು ಬಟ್ಟೆಯಿಂದ ಒರೆಸಿ ಅದಕ್ಕೇ ಹಾಕಿದೆ. ಒಂದು ಗುಟುಕು ಕುಡಿದವಳಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಇಮಾಮಸಾಬ ಓಡಿ ಬಂದು, "ಲೇ ಫಕ್ಕೀರ್ಯಾ, ಜರ್ಮನಿ ಮಂದೀನ ಕೊಲ್ಲಾಕ ಇಟ್ಟೀಯೇನು?" ಅಂದ. ಅವಳು ಕೆಮ್ಮು ನಿಂತ ಮೇಲೆ ಕಪ್ಪನ್ನು ಮತ್ತೆ ಎತ್ತಿಕೊಂಡಳು. ಆಮೇಲೆ ಇರುವಷ್ಟು ದಿನವೂ ಆ ಮಷಿನ್ನಿಗೇ ಬೀಜ ಕೊಟ್ಟಳು. ಥಂಡಿಗೆ ಒಳ್ಳೆಯದಂತೆ.

ಅವಳಿಗೂ ಇಮಾಮಸಾಬನಿಗೂ ಒಂದು ಆಟ ಹತ್ತಿತ್ತು. ಅವನು ತನ್ನ ಉರ್ದುವಿನಿಂದ ಒಂದು ಶಬ್ದ ಒಗೆಯುತ್ತಿದ್ದ. ಅವಳ ತುರ್ಕಿಯಲ್ಲಿ ಅದಿದ್ದರೆ ಅವಳು ಹಿಡಿಯಬೇಕು. ದುನಿಯಾ, ಹವಾ, ದುಕಾನ, ಖಬರ, ಚಹಾ. ಎಲ್ಲ ಇದ್ದವು. ನಾನು ನಡುವೆ ಬಾಯಿ ಹಾಕಿ, "ಇವೆಲ್ಲಾ ಕನ್ನಡನಲೇ, ನಮ್ಮವ್ವ ಒಂದಕ್ಷರ ಉರ್ದು ಬರಲಾರದಾಕಿ ದಿನಾ ಇವನ್ನ ಆಡ್ತಿದ್ಲು" ಎಂದು ಮೂವರದ್ದೂ ಪಾಲು ಸಮ ಮಾಡಿದೆ. ನನ್ನ ಹೆಸರು ಕೇಳಿ ಅವಳು ನಕ್ಕಳು. ಅವರಲ್ಲಿ ಫಕೀರ ಅಂದರೆ ಬಡವ. "ಬಡವ ಅಲ್ಲ ಅಂತ ಹೇಳ್ರಿ ಅಕ್ಕೋರ. ಯಮನೂರ ದರ್ಗಾಕ್ಕ ನಮ್ಮವ್ವ ಹರಕಿ ಹೊತ್ತು ಹಡೆದಾಳ ನನ್ನ. ಮೂರು ಮಷಿನ್ ಅದಾವ ನಂದು" ಅಂದೆ.

ಹೊರಗೆ ಆ ವರ್ಷ ಹಿಂಗಾರಿ ಅಗದಿ ತುಂಬಿ ನಿಂತಿತ್ತು. ಕಡಲಿ ಹೂವಾಗಿ, ಬಿಳಿಜೋಳ ತೆನೆ ಹಿರಿದು, ಕುಸುಬಿ ಮುಳ್ಳು ಬಲಿತು, ಹೊಲದ ದಾರಿಯಲ್ಲಿ ನಡೆದರೆ ಮುಂಜಾನೆಯ ಮಂಜಿಗೆ ಪಾಯಿಜಾಮದ ಕಾಲು ಒದ್ದೆಯಾಗುತ್ತಿತ್ತು. ಸೀತನಿ ದಿನಗಳಲ್ಲಿ ಹೊಲದಲ್ಲಿ ಕುಳ್ಳಿನ ಕೆಂಡ ಮಾಡಿ ಹಸಿ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಅವಳ ಅಂಗೈಗೆ ಸುರಿದೆವು. ಎಷ್ಟು ತಿಂದಳೆಂದರೆ ಶಾಂತವ್ವ, "ಸಾಕ ಬೇ, ರಾತ್ರಿ ಹೊಟ್ಟಿ ಹಿಡಕೊಂಡು ಕುಂದರ್ತಿ" ಎಂದು ಬೈದಳು. ನೆರ್ಮಿನ್ ಅದಕ್ಕೂ "ಹೌದ್ರಿ" ಅಂದಳು. ಅವಳು ಕಲಿತ ಮೊದಲ ಕನ್ನಡ ಅದು. ಎಲ್ಲದಕ್ಕೂ ಅದನ್ನೇ ಅನ್ನುತ್ತಿದ್ದಳು.

ಇನ್ನು ಪುಸ್ತಕದ ಮಾತು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಹೇಳಿ ಕೇಳಿ ಬರುವುದಿಲ್ಲ, ಹೋಗುವುದೂ ಇಲ್ಲ. ಮೋಟಾರು ನಿಂತಿತೆಂದರೆ ಡಬ್ಬಿ ತಂದವರೆಲ್ಲ ಕಟ್ಟೆಯ ಮೇಲೆ ಸುಮ್ಮನೆ ಕೂಡಬೇಕು. ಒಂದು ದಿನ ಹಾಗೆ ನಿಂತಾಗ ಅಕ್ಕೋರು ತಮ್ಮ ಹಾಳೆಗಳನ್ನು ತೆಗೆದು, "ಒಂದು ಅಧ್ಯಾಯ ಓದ್ತೇನಿ, ತಿಳಿತೈತೋ ಇಲ್ಲೋ ಹೇಳ್ರಿ" ಎಂದು ಓದಿದರು. ತುರ್ಕಸ್ತಾನದ ಒಂದು ಗುಡ್ಡದ ಊರು, ಅಲ್ಲೊಬ್ಬ ಹರೆಯದವ, ಜರ್ಮನಿಯ ಫ್ಯಾಕ್ಟರಿಗಳಿಗೆ ಆಳು ಬೇಕೆಂದು ಕರೆ ಬಂದಾಗ ಹಲ್ಲು, ಎದೆ ಎಲ್ಲ ತಪಾಸು ಮಾಡಿಸಿಕೊಂಡು ರೈಲು ಹತ್ತುತ್ತಾನೆ. ಟಾಯರ್ ಫ್ಯಾಕ್ಟರಿಯಲ್ಲಿ ಸೇರುತ್ತಾನೆ. ಎರಡು ವರ್ಷಕ್ಕೆಂದು ಹೋದವನು ಅಲ್ಲೇ ಉಳಿಯುತ್ತಾನೆ. ಅಲ್ಲಿಯವರು ಅವನಂಥವರನ್ನು ಪಾವಣ್ಯಾ ಕೆಲಸಗಾರ ಎಂದು ಕರೆಯುತ್ತಾರೆ, ಬಂದ ನೆಂಟನೆಂಬಂತೆ.

"ಪಾವಣ್ಯಾರ ಕೈಲೆ ಟಾಯರ್ ಮಾಡಸ್ತಾರ? ಏನ ಮಂದಿ ಬೇ ಅವರು" ಎಂದಳು ಜೋಳ ತಂದಿದ್ದ ಒಬ್ಬ ಮುದುಕಿ. "ಹೇಣ್ತೀನ ಯಾವಾಗ ಕರಸ್ಕೋತಾನ?" ಎಂದಳು ಇನ್ನೊಬ್ಬಳು. "ಅಲ್ಲಿ ಅಡಗಿ ಯಾರು ಮಾಡಿ ಹಾಕ್ತಾರ ಅಂವಗ?" ಅಷ್ಟರಲ್ಲಿ ಕರೆಂಟು ಬಂತು. ನಾನು ಸ್ವಿಚ್ಚಿಗೆ ಕೈ ಹಾಕಿದರೆ ಮುದುಕಿ, "ತಡಿಯೋ ಯಪ್ಪಾ, ಹೇಣ್ತಿ ಬರ್ಲಿ ಮೊದ್ಲ" ಅಂದಳು. ಮುಂದೆ ಮುಂದೆ ಹೆಂಗಸರು ಕರೆಂಟು ಹೋದದ್ದು ನೋಡಿಯೇ ಡಬ್ಬಿ ತರತೊಡಗಿದರು. ನೆರ್ಮಿನ್ ಮೂಲೆಯ ಹಿಟ್ಟಿನ ಚೀಲಗಳ ಮೇಲೆ ಕುಳಿತು ಅವರ ಮುಖಗಳನ್ನೇ ನೋಡುತ್ತಿದ್ದಳು. ಯಾರು ಎಲ್ಲಿ ನಕ್ಕರು, ಯಾರು ಎಲ್ಲಿ ತುಟಿ ಕಚ್ಚಿದರು ಎಂದು ಅಕ್ಕೋರನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. ಒಂದು ಪುಸ್ತಕವನ್ನು ನಾನು ಮೊದಲಿನಿಂದ ಕಡೆಯವರೆಗೆ ಕೇಳಿದ್ದು ಅದೇ ಮೊದಲು. ನನ್ನ ಗಿರಣಿಯಲ್ಲೇ, ನಿಂತ ಮೋಟಾರಿನ ಬಾಜು.

ಆ ಕಥೆಯ ಗಂಡಸು ಅವಳ ಅಪ್ಪನೇ ಎಂದು ನಮಗೆಲ್ಲ ತಿಳಿದಿತ್ತು. ಒಂದು ದಿನ ನಾನು ಸಹಜವಾಗಿ, "ನಿಮ್ಮಪ್ಪಾರು ಇದನ್ನ ಓದಿ ಏನಂದ್ರು?" ಎಂದು ಕೇಳಿದೆ. ಅಕ್ಕೋರು ಅದನ್ನು ತಿರುಗಿಸಿ ಹೇಳಿದ ಕೂಡಲೇ ಅವಳು ಎದ್ದು ಮೇಲೆ ಹೋದಳು. ಅಕ್ಕೋರು ಮೆಲ್ಲಗೆ ಹೇಳಿದರು.

ಪುಸ್ತಕದಲ್ಲಿ ಒಂದು ಆಫೀಸಿನ ಪ್ರಸಂಗ ಬರುತ್ತದೆ. ಹೊಸದಾಗಿ ಬಂದಿಳಿದ ಆ ಹರೆಯದವನನ್ನು ಮೇಜಿನ ಆಚೆ ಕುಳಿತ ಅಧಿಕಾರಿ ಕೇಳುತ್ತಾನೆ: ನೀನು ಯಾರು, ಯಾವ ಊರಿನವ, ಇಲ್ಲಿಗೆ ಯಾಕೆ ಬಂದಿ. ಭಾಷೆ ಬಾರದ ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಅವಳಪ್ಪ ಬೆರಳಿಟ್ಟು ಬೆರಳಿಟ್ಟು ಅಲ್ಲಿಯವರೆಗೆ ಓದಿ ಪುಸ್ತಕ ಮುಚ್ಚಿದರಂತೆ. "ದುನಿಯಾದ ಮುಂದ ನನ್ನ ಮೂಕನ್ನ ಮಾಡಿದಿ" ಅಂದರಂತೆ. ಅದಾದ ಮೇಲೆ ಮಗಳ ಫೋನ್ ಬಂದರೆ ಅವರು ಹೆಂಡತಿಯ ಕೈಗೆ ಕೊಟ್ಟುಬಿಡುತ್ತಾರೆ. ಮಗಳ ಕೂಡ ಮಾತೇ ಇಲ್ಲ.

"ಇಕಿ ಸುಳ್ಳು ಬರದಿಲ್ಲ ಫಕ್ಕೀರಪ್ಪ" ಅಂದರು ಅಕ್ಕೋರು. "ಅವರು ಖರೇನ ಅವತ್ತು ಮಾತಾಡಿರಲಿಲ್ಲ."

"ಅವರೂ ಸುಳ್ಳು ಹೇಳಿಲ್ಲ ಬಿಡ್ರಿ" ಅಂದೆ ನಾನು. ನಾಲ್ಕು ಮಂದಿಯ ಮುಂದೆ ಬಾಯಿ ಕಟ್ಟಿ ನಿಂತದ್ದನ್ನು ಮಗಳೇ ಅಚ್ಚು ಹಾಕಿಸಿದರೆ ಯಾವ ಗಂಡಸಿಗೆ ಹೇಗಾದೀತು ಎಂಬುದು ನನಗೆ ತಿಳಿಯುತ್ತದೆ. ಆ ದಿನದಿಂದ ಅವಳ ಫೋನ್ ರಿಂಗಾದಾಗಲೆಲ್ಲ ನಮ್ಮ ಕಿವಿ ಅತ್ತಲೇ. ಫೋನಿನಲ್ಲಿ ಬರುತ್ತಿದ್ದುದು ಯಾವಾಗಲೂ ಅವ್ವನ ದನಿ.

ಶಿವರಾತ್ರಿ ಮುಗಿದರೆ ಅವಳು ಹೊರಡುವವಳು. ಹೋಗುವ ಮೊದಲು ಪುಸ್ತಕದ ಕೆಲವು ಪ್ರಸಂಗಗಳನ್ನು ಊರ ಮುಂದೆ ಪಾರ್ಟು ಹಂಚಿ ಓದಿಸೋಣ ಎಂದು ಅಕ್ಕೋರು ಎತ್ತಿದರು. ಅಧಿಕಾರಿ ಇಮಾಮಸಾಬ, ಅಪ್ಪ ನಾನು.

"ನನಗ ಎಷ್ಟು ಮಾತು ಅದಾವ್ರಿ?" ಎಂದೆ.

"ಮಾತಿಲ್ಲ. ಟೊಪಗಿ ಹಿಡಕೊಂಡು ಸುಮ್ನ ನಿಂದರೂದು."

ಇಮಾಮಸಾಬ ಬಿದ್ದು ಬಿದ್ದು ನಕ್ಕ. ಅವನ ನಗೆಗೆ ಕಾರಣವಿತ್ತು. ನಾನು ಹರೆಯದಿಂದ ದೊಡ್ಡಾಟದಲ್ಲಿ ರಾಜನ ಪಾರ್ಟು ಮಾಡಿದವ. ಮೋಟಾರಿನ ಸಪ್ಪಳದ ಮೇಲೆ ಕೂಗಿ ಕೂಗಿ ಬಂದ ದನಿ ನನ್ನದು. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಇಮಾಮಸಾಬ ಯಾವಾಗಲೂ ಸಾರಥಿ. ನಮ್ಮ ಆಟದಲ್ಲಿ ರಾಜನಿರಲಿ ರಾಕ್ಷಸನಿರಲಿ, ಬಂದವನು ಹಾಗೇ ಕಥೆಯೊಳಗೆ ನುಗ್ಗುವಂತಿಲ್ಲ. ಮೊದಲು ಸಾರಥಿ ಅಡ್ಡ ನಿಂತು ಕೇಳಬೇಕು: ಬಂದಂಥವರು ತಾವು ಯಾರು, ತಮ್ಮ ನಾಮಾಂಕಿತವೇನು, ತಮ್ಮ ಪಟ್ಟಣ ಯಾವುದು, ಈ ಸಭೆಗೆ ಬಂದ ಕಾರಣವೇನು. ಬಂದವನು ಹೆಜ್ಜೆ ಹಾಕಿ, ಎದೆ ಉಬ್ಬಿಸಿ, ಒಂದೊಂದಕ್ಕೂ ಉತ್ತರ ಕೊಡಬೇಕು. ಅಂಥ ನನಗೆ ಮಾತಿಲ್ಲದ ಪಾರ್ಟು.

ಆದರೂ ಒಪ್ಪಿಕೊಂಡ ಮೇಲೆ ಮಾಡಬೇಕಲ್ಲ. ಟೇಲರ್ ದುಕಾನಿನಲ್ಲಿ ತಾಲೀಮು ಇಟ್ಟೆವು. ಇಮಾಮಸಾಬ ಹೊಲಿಗೆ ಮಷಿನ್ನಿನ ಹಿಂದೆ ಅಧಿಕಾರಿಯಾಗಿ ಕುಳಿತು, ಅಕ್ಕೋರು ಬರೆದಂತೆ, "ನೀನು ಯಾರು? ಯಾವ ಊರಿನವ? ಇಲ್ಲಿಗೆ ಯಾಕೆ ಬಂದಿ?" ಎಂದ. ನಾನು ಸುಮ್ಮನೆ ನಿಂತೆ. ಮತ್ತೊಮ್ಮೆ ಕೇಳಿದ. ನಿಂತೆ. ಮೂರನೆಯ ಸಲಕ್ಕೆ ನನ್ನ ಬಾಯಿ ತಾನೇ ತೆರೆಯಿತು: "ಭಲಾ ಸಾರಥಿ, ಹೇಳುತ್ತೇನೆ ಕೇಳು."

ಇಮಾಮಸಾಬ ಕತ್ತರಿ ಕೆಳಗಿಟ್ಟ. "ಲೇ ಫಕ್ಕೀರ್ಯಾ" ಎಂದ, ನಗದೆ. "ಇದು ಆಫೀಸು ಅಲ್ಲಲೇ. ಇದು ನಮ್ಮ ದೊಡ್ಡಾಟದ ಪ್ರವೇಶ."

"ಹೌದು."

"ಅಕ್ಕೋರು ಬೈತಾರ."

"ಬೈಲಿ."

ಅಷ್ಟೇ ನಮ್ಮ ಮಸಲತ್ತು. ಊರ ಮುಂದೆ ಒಬ್ಬನನ್ನು ನೀನು ಯಾರೆಂದು ಕೇಳುವುದು, ಅವನು ಹೇಳದೆ ನಿಲ್ಲುವುದು. ಅದು ನನ್ನ ಕೈಲಾಗದ ಕೆಲಸ. ಇಂದಿಗೂ ಅದನ್ನು ತಪ್ಪು ಅನ್ನುವುದಿಲ್ಲ ನಾನು. ತನ್ನಪ್ಪನ ಊರಿನ ಬಗ್ಗೆ ನೆರ್ಮಿನ್ ಮಾತಿನ ನಡುವೆ ಹೇಳಿದ್ದು ನೆನಪಿತ್ತು. ಗುಡ್ಡದ ಮೈಗೆಲ್ಲ ಜರ್ದಾಳು ಹಣ್ಣಿನ ಗಿಡ. ಹೂ ಬಿಟ್ಟಾಗ ಊರೇ ಬೆಳ್ಳಗಾಗುವುದು. ಉಳಿದದ್ದನ್ನು ನಾನೇ ತುಂಬಿಕೊಂಡೆ.

ಓದುವ ದಿನ ಸಂಜೆ ಐದಕ್ಕೆ ಗಿರಣಿಯ ಮುಂದೆ ಜನ ತಾವೇ ಖಾಲಿ ಚೀಲ ತಂದು ಹಾಸಿ ಕುಳಿತರು. ಇನ್ನೂ ಬಿಸಿಲಿತ್ತು. ಜರ್ಮನಿಯಲ್ಲಿ ಆಗ ಮಧ್ಯಾಹ್ನವಂತೆ. ಅವ್ವನಿಗೆ ತೋರಿಸಬೇಕೆಂದು ನೆರ್ಮಿನ್ ಮುಂದಿನ ಸಾಲಿನಲ್ಲಿ ವಿಡಿಯೋ ಫೋನ್ ಹಚ್ಚಿ ಕುಳಿತಿದ್ದಳು. ಅಕ್ಕೋರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ರೈಲಿನ ಪ್ರಸಂಗ ಓದಿದರು. ಎಲ್ಲ ಅವರ ಹಾಳೆಯಲ್ಲಿದ್ದಂತೆಯೇ ನಡೆಯಿತು. ಆಫೀಸಿನ ಪ್ರಸಂಗಕ್ಕೆ ನಾನು ಗಿರಣಿಯ ಬಾಗಿಲಿನಿಂದ ಹೊರಗೆ ಬಂದೆ. ತಲೆಗೆ ಕಿರೀಟ, ತೋಳಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ, ಮೈಮೇಲೆ ಇಮಾಮಸಾಬ ಹೊಲಿದ ನೀಲಿ ಫ್ಯಾಕ್ಟರಿ ಅಂಗಿ. ಅಕ್ಕೋರು ಚಶ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜನ ಸಿಳ್ಳೆ ಹೊಡೆದರು.

ಇಮಾಮಸಾಬ ಅಡ್ಡ ಬಂದ. ಅಧಿಕಾರಿಯ ಕೋಟು ಹಾಕಿಕೊಂಡಿದ್ದರೂ ದನಿ ಸಾರಥಿಯದೇ. "ಬಂದಂಥಾ ಮಹಾರಾಜರು ತಾವು ಯಾರು? ತಮ್ಮ ನಾಮಾಂಕಿತವೇನು? ತಮ್ಮ ಪಟ್ಟಣ ಯಾವುದು? ಈ ಜರ್ಮನಿ ದೇಶಕ್ಕೆ ಬಂದ ಕಾರಣವೇನು?"

ನಾನು ಗೆಜ್ಜೆ ಬಡಿದು ಸುತ್ತು ಹಾಕಿ ನಿಂತೆ. "ಭಲಾ ಸಾರಥಿ, ಹೇಳುತ್ತೇನೆ ಕೇಳು. ಜರ್ದಾಳು ಹೂವಿನಿಂದ ಗುಡ್ಡವೇ ಬೆಳ್ಳಗಾಗುವ ಊರು ನನ್ನದು. ಕೆಳಗೆ ತುಂಬಿದ ನದಿ, ಮೇಲೆ ಹಿಮದ ಗಾಳಿ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ಊರು ತುಂಬ ಜನರಿದ್ದಾರೆ. ನಿಮ್ಮ ಗಾಡಿಗಳಿಗೆ ಕಾಲಿಲ್ಲವೆಂದು ಕೇಳಿ ಬಂದಿದ್ದೇನೆ. ಕಾಲು ಮಾಡಿ ಕೊಡುತ್ತೇನೆ. ನಿಮ್ಮ ದೇಶ ನಡೆಯಲಿ."

ನೆರ್ಮಿನ್ ಎದ್ದು ನಿಂತಳು. ನಿಲ್ಲಿಸಲಿಕ್ಕೆ ಬಂದಳೆಂದೇ ತಿಳಿದೆ. ಅವಳು ಬರೆದದ್ದನ್ನು ನಾನು ಕೆಡಿಸಿದ್ದು ಅವಳಿಗೆ ತಿಳಿದುಹೋಗಿತ್ತು. ಅಕ್ಕೋರ ಕುರ್ಚಿಯ ಹತ್ತಿರ ಹೋಗಿ ನಾನು ಏನು ಹೇಳುತ್ತಿದ್ದೇನೆಂದು ಕೇಳಿದಳು. ಅಕ್ಕೋರು ಅವಳ ಕಿವಿಯಲ್ಲಿ ಹೇಳತೊಡಗಿದರು. ಅವಳು ಅದನ್ನು ಅವ್ವನಿಗಾಗಿ ತುರ್ಕಿಯಲ್ಲಿ ಫೋನಿಗೆ ಹೇಳಿದಳು. ನಾನು ಒಂದು ಕಾಲು ಎತ್ತಿ ಹಾಗೇ ನಿಂತಿದ್ದೆ.

ಫೋನಿನೊಳಗಿಂದ ಗಂಡಸಿನ ದನಿ ಬಂತು.

ಒರಟು ದನಿ, ಒಂದೇ ಮಾತು. ಆ ದನಿ ಅದನ್ನೇ ಮತ್ತೆ ಅಂದಿತು, ಈ ಸಲ ಜೋರಾಗಿ. ಅವಳು ಅಕ್ಕೋರಿಗೆ ಹೇಳಿದಳು. ಅಕ್ಕೋರು ನಮ್ಮ ಕಡೆ ತಿರುಗಿ, "ನದಿ ಇಲ್ಲ ಅಂತಾರ" ಅಂದರು. "ನಮ್ಮೂರಾಗ ನದಿ ಇಲ್ಲ, ಹಳ್ಳ ಐತಿ. ಅದೂ ಬ್ಯಾಸಗಿಗೆ ಬತ್ತತೈತಿ, ಅಂವಗ ಯಾರು ಹೇಳಿದ್ರು ನದಿ ಅಂತ, ಅಂತಾರ."

ಜನ ಹೋ ಎಂದು ನಕ್ಕರು. ಮುದುಕಿ ಚೀಲದ ಮೇಲಿನಿಂದ, "ಅಪ್ಪ ಅದಾನ ಬೇ ಅಂವ, ಅವರಪ್ಪ" ಎಂದು ಬಾಜುದವಳ ತೊಡೆಗೆ ಬಡಿದಳು. ನಾನು ಏನು ಮಾಡಬೇಕೆಂದು ತಿಳಿಯದೆ ನಿಂತೆ. ಸಾರಥಿಗೆ ತಿಳಿದಿತ್ತು. ಇಮಾಮಸಾಬ ನನಗೆ ಬೆನ್ನು ಹಾಕಿ, ಫೋನಿನ ಕಡೆ ತಿರುಗಿ, ಸೊಂಟದ ಮೇಲೆ ಕೈ ಇಟ್ಟು, "ಹಾಗಾದರೆ ಮಹಾರಾಜಾ, ತಾವೇ ಅಪ್ಪಣೆ ಕೊಡಿಸಬೇಕು" ಎಂದ. "ತಾವು ಯಾರು? ತಮ್ಮ ನಾಮಾಂಕಿತವೇನು?"

ಮಗಳು ತುರ್ಕಿಯಲ್ಲಿ ಕೇಳಿದಳು. ನಾನು ಫೋನಿನ ಹತ್ತಿರ ಹೋಗಿ ನೋಡಿದೆ. ದಪ್ಪ ಮೀಸೆಯ ಮುದುಕ, ಮನೆಯೊಳಗೂ ಉಣ್ಣೆಯ ಅಂಗಿ ಹಾಕಿಕೊಂಡಿದ್ದ. ನನ್ನನ್ನು ನೋಡಿ ಏನೋ ಅಂದ. ಕಿರೀಟ ಸೊಟ್ಟಗಿದೆಯಂತೆ. ಸರಿ ಮಾಡಿಕೊಂಡೆ. ಆಗ ಅವರು ತಮ್ಮ ಹೆಸರು ಹೇಳಿದರು.

ಆಮೇಲೆ ನಿಲ್ಲಲಿಲ್ಲ. ಊರು ಹೇಳಿದರು, ಹಳ್ಳ ಹೇಳಿದರು, ಅಣ್ಣತಮ್ಮಂದಿರ ಹೆಸರು ಹೇಳಿದರು. ರೈಲಿನಲ್ಲಿ ಮೂರು ದಿನ ಬೂಟು ಬಿಚ್ಚಲಾಗದೆ ಕಾಲು ಬಾತದ್ದು, ಆಫೀಸಿನ ಅಧಿಕಾರಿಯ ಮೇಜಿನ ಮೇಲೆ ಅರ್ಧ ತಿಂದ ಸೇಬಿದ್ದದ್ದು, ಅವನು ಕೇಳಿದಾಗ ತಮ್ಮ ಮನಸ್ಸಿನಲ್ಲಿ ಸಾಲಾಗಿ ನಿಂತಿದ್ದ ಉತ್ತರ. ತುರ್ಕಿಯಿಂದ ಮಗಳ ಜರ್ಮನ್ನಿಗೆ, ಅದರಿಂದ ಅಕ್ಕೋರ ಕನ್ನಡಕ್ಕೆ ಇಳಿಯುತ್ತ ಬಂತು. ಒಂದೊಂದು ಮಾತು ಮುಗಿದ ಮೇಲೂ ಇಮಾಮಸಾಬ ತಾಳ ತಪ್ಪದೆ, "ಭಲಾ ಮಹಾರಾಜಾ, ಮುಂದೆ?" ಅನ್ನುತ್ತಿದ್ದ.

ಪುಸ್ತಕದಲ್ಲಿ ಅಕ್ಕೋರು ಒಂದಕ್ಷರ ಬದಲಿಸಲಿಲ್ಲ. ಅದು ನೆರ್ಮಿನ್ ಬರೆದ ಕಥೆ, ಅದರಲ್ಲಿ ಅಪ್ಪ ಸುಮ್ಮನೇ ನಿಲ್ಲಬೇಕು ಅಂದರು. ನಾನೂ ಒಪ್ಪಿದೆ. ಆದರೆ ಆ ಸಂಜೆ ಚೀಲದ ಮೇಲೆ ಕುಳಿತಿದ್ದವರು ಒಬ್ಬರೂ ಎದ್ದು ಹೋಗಲಿಲ್ಲ. ಕರೆಂಟು ಬಂದು ಹೋದದ್ದು ಕೂಡ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಕಾಣಲೆಂದು ನೆರ್ಮಿನ್ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಅವಳಪ್ಪ ಇನ್ನೂ ಫ್ಯಾಕ್ಟರಿಯ ಬಾಗಿಲಿಗೂ ಮುಟ್ಟಿರಲಿಲ್ಲ. ಶಾಂತವ್ವ ಹೋಗಿ, "ಕೈ ನೊಂದಾವು, ನಾ ಹಿಡೀತೇನಿ ಕೊಡ" ಅಂದಳು. ಅವಳು ಕೊಡಲಿಲ್ಲ. ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು, ಮತ್ತೆ ಎತ್ತಿ ಹಿಡಿದಳು.